ಕಿಳಿಮಾನೂರು ಅರಮನೆ: ತಾಯಿಯ ಸಾಲಿನ ನಾಡಿನಲ್ಲಿ ರಾಜರ ತಂದೆಯ ಮನೆ

ಅರಮನೆ ಎಂದೊಡನೆ ಕನ್ನಡಿಗರಾದ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಮೈಸೂರಿನ ಅಂಬಾವಿಲಾಸ. ಗೋಪುರ, ಗುಮ್ಮಟ, ದರ್ಬಾರು ಸಭಾಂಗಣ, ದೀಪಾಲಂಕಾರ ಇವೆಲ್ಲ ಕೂಡಿದ ವೈಭವವನ್ನೇ ನಾವು ಅರಮನೆಯೆಂದು ಭಾವಿಸಿದ್ದೇವೆ. ಆ ನಿರೀಕ್ಷೆಯನ್ನು ಇಟ್ಟುಕೊಂಡು ಕೇರಳದ ಹಳೆಯ ಅರಮನೆಗಳನ್ನು ನೋಡಹೊರಟವರಿಗೆ ಮೊದಲ ನೋಟಕ್ಕೆ ನಿರಾಶೆಯಾಗುವುದುಂಟು. ಅಲ್ಲಿ ಕಾಣುವುದು ಇಳಿಜಾರಿನ ಹೆಂಚಿನ ಮಾಡು, ಮರದ ಕಂಬಗಳ ಜಗಲಿ, ನಡುವೆ ತೆರೆದ ಅಂಗಳ, ಪಕ್ಕದಲ್ಲೊಂದು ಕೆರೆ, ಹಿಂದೊಂದು ನಾಗಬನ. ನಮ್ಮ ಮಲೆನಾಡಿನ ತೊಟ್ಟಿಮನೆಯನ್ನೋ ತುಳುನಾಡಿನ ಗುತ್ತಿನ ಮನೆಯನ್ನೋ ನಾಲ್ಕು ಪಟ್ಟು ದೊಡ್ಡದಾಗಿಸಿದಂತೆ ತೋರುವ ಈ ಕಟ್ಟಡಗಳಲ್ಲಿ ನೂರಾರು ವರ್ಷಗಳ ರಾಜಕೀಯ, ಕಲೆ ಮತ್ತು ಕುಟುಂಬ ಪದ್ಧತಿಗಳ ಚರಿತ್ರೆ ಅಡಗಿದೆ.

ತಿರುವನಂತಪುರದಿಂದ ಉತ್ತರಕ್ಕೆ ಎಂ.ಸಿ. ರಸ್ತೆಯಲ್ಲಿ ಸುಮಾರು 40 ಕಿಲೋಮೀಟರು ಸಾಗಿದರೆ ಸಿಗುವ ಕಿಳಿಮಾನೂರಿನ ಅರಮನೆ ಇಂಥವುಗಳಲ್ಲಿ ಒಂದು. ಚಿತ್ರಕಾರ ರಾಜಾ ರವಿವರ್ಮರು ಹುಟ್ಟಿದ ಮನೆಯೆಂದು ಇದು ಹೆಸರಾಗಿದೆ. ಆದರೆ ಈ ಮನೆಗೆ ಇನ್ನೊಂದು ಹಿರಿಮೆಯೂ ಉಂಟು. ತಿರುವಾಂಕೂರು ಸಂಸ್ಥಾನವನ್ನು ಕಟ್ಟಿದ ಮಾರ್ತಾಂಡ ವರ್ಮನ ತಂದೆ ಈ ಮನೆಯವರು. ಆ ಸಂಸ್ಥಾನದ ಕೊನೆಯ ಮಹಾರಾಜ ಶ್ರೀ ಚಿತ್ತಿರ ತಿರುನಾಳರ ತಂದೆಯೂ ಈ ಮನೆಯವರೇ. ಹೀಗಿದ್ದೂ ಕಿಳಿಮಾನೂರು ಎಂದಿಗೂ ಮಹಾರಾಜರ ಮನೆಯಾಗಲಿಲ್ಲ. ಇದಕ್ಕೆ ಕಾರಣವನ್ನು ತಿಳಿದರೆ ಕೇರಳದ ಅರಮನೆಗಳ ವಿನ್ಯಾಸವೂ, ಅವುಗಳ ಇಂದಿನ ಸ್ಥಿತಿಯೂ ತಾನಾಗಿ ಅರ್ಥವಾಗುತ್ತದೆ.

ಅಳಿಯಸಂತಾನದ ಅಣ್ಣತಮ್ಮ

ಕೇರಳದ ರಾಜಮನೆತನಗಳಲ್ಲಿ ನಡೆದುಬಂದ ಪದ್ಧತಿ ಮರುಮಕ್ಕತ್ತಾಯಂ. ತುಳುನಾಡಿನ ಮೂಲದ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭೂತಾಳ ಪಾಂಡ್ಯನ ಹೆಸರಿನೊಂದಿಗೆ ಐತಿಹ್ಯವಾಗಿ ಉಳಿದಿರುವ ಅಳಿಯಸಂತಾನ ಅಥವಾ ಅಳಿಯಕಟ್ಟಿನ ನೇರ ಬಂಧು ಅದು. ಮಕ್ಕಳು ತಾಯಿಯ ಮನೆಗೆ ಸೇರಿದವರು. ಆಸ್ತಿಯೂ ಅಧಿಕಾರವೂ ಮಾವನಿಂದ ಸೋದರಳಿಯನಿಗೆ ಸಲ್ಲುತ್ತವೆ. ಮನೆ ಯಾವೊಬ್ಬನ ಸ್ವತ್ತೂ ಅಲ್ಲ. ಒಬ್ಬ ಮೂಲಸ್ತ್ರೀಯ ಸಂತಾನಕ್ಕೆಲ್ಲ ಸೇರಿದ್ದು. ಹಿರಿಯ ಗಂಡಸು ಅದರ ಆಡಳಿತಗಾರ ಮಾತ್ರ. ತುಳುನಾಡಿನಲ್ಲಿ ಅವನು ಯಜಮಾನ, ಕೇರಳದ ತರವಾಡುಗಳಲ್ಲಿ ಕಾರಣವರ್.

ತಿರುವಾಂಕೂರಿನಲ್ಲಿ ಸಿಂಹಾಸನ ಏರುತ್ತಿದ್ದವರು ಆಟಿಂಗಲ್ ರಾಣಿಯರ ಮಕ್ಕಳು. ರಾಜನ ಹೆಂಡತಿ ರಾಣಿಯಲ್ಲ, ರಾಜನ ತಾಯಿ ಮತ್ತು ಸೋದರಿಯರು ರಾಣಿಯರು. ಅವರ ಕೈಹಿಡಿಯುತ್ತಿದ್ದ ಕ್ಷತ್ರಿಯ ಪುರುಷರಿಗೆ ಕೋಯಿ ತಂಪುರಾನ್ ಎಂಬ ಪದವಿ. ಅವರಿಗೆ ಗೌರವವಿತ್ತು, ಉಂಬಳಿಯಿತ್ತು. ಆದರೆ ಅವರಿಗೆ ಹುಟ್ಟಿದ ಮಕ್ಕಳು ತಾಯಿಯ ರಾಜವಂಶಕ್ಕೆ ಸೇರಿದವರೇ ಹೊರತು ತಂದೆಯ ಮನೆಗಲ್ಲ. ಕಿಳಿಮಾನೂರು ಇಂಥ ಕೋಯಿ ತಂಪುರಾನರ ಮನೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ರಾಜರಿಗೆ ತಂದೆಯರನ್ನು ಕೊಟ್ಟ ಮನೆ.

ಮನೆತನದ ಮೂಲ

ಮಲಬಾರಿನ ಬೇಪೂರು ಕಡೆಯ ಕ್ಷತ್ರಿಯ ಕುಟುಂಬವೊಂದು 18ನೆಯ ಶತಮಾನದ ಆರಂಭದಲ್ಲಿ ದಕ್ಷಿಣಕ್ಕೆ ಬಂದು ಕಿಳಿಮಾನೂರಿನಲ್ಲಿ ನೆಲೆಸಿತು. ಹೆಣ್ಣುಸಂತಾನವಿಲ್ಲದೆ ವೇಣಾಡಿನ ರಾಜವಂಶ ಉತ್ತರದ ಕೋಲತ್ತುನಾಡಿನ ಕಡೆಯಿಂದ ರಾಜಕುಮಾರಿಯರನ್ನು ದತ್ತು ತೆಗೆದುಕೊಂಡಾಗ, ಅವರೊಡನೆ ಬಂಧುತ್ವವುಳ್ಳ ಈ ಕುಟುಂಬವೂ ಜೊತೆಗೂಡಿತು. ಈ ಮನೆಯ ರಾಘವ ವರ್ಮ ಮಾರ್ತಾಂಡ ವರ್ಮನ ತಂದೆ. ಆತನ ಅಳಿಯ, ಎಂದರೆ ಸೋದರಿಯ ಮಗ, ರವಿವರ್ಮ ಕೋಯಿ ತಂಪುರಾನ್ ಮಾರ್ತಾಂಡ ವರ್ಮನ ಸೋದರಿಯನ್ನು ವರಿಸಿದನು. ಇವರ ಮಗನೇ ಧರ್ಮರಾಜನೆಂದು ಪ್ರಸಿದ್ಧನಾದ ಕಾರ್ತಿಕ ತಿರುನಾಳ್ ರಾಮವರ್ಮ. ಈತನ ಆಳ್ವಿಕೆಯಲ್ಲಿ, 1795ರಲ್ಲಿ, ರಾಜಧಾನಿ ಪದ್ಮನಾಭಪುರದಿಂದ ತಿರುವನಂತಪುರಕ್ಕೆ ಬಂತು.

ಮಾರ್ತಾಂಡ ವರ್ಮ 1741ರಲ್ಲಿ ಕೊಳಚ್ಚಲ್ ಕದನದಲ್ಲಿ ಡಚ್ಚರನ್ನು ಸೋಲಿಸಿದ್ದು ಇತಿಹಾಸ ಪ್ರಸಿದ್ಧ. ಅದರ ಹಿಂದಿನ ವರ್ಷ ದೇಶಿಂಗನಾಡಿನ ಪರವಾಗಿ ಡಚ್ ಅಧಿಕಾರಿಯ ನೇತೃತ್ವದಲ್ಲಿ ಬಂದ ಸೈನ್ಯವನ್ನು ಕಿಳಿಮಾನೂರಿನ ಪಡೆ ತಡೆದು ಹಿಮ್ಮೆಟ್ಟಿಸಿತೆಂಬುದು ಮನೆತನದ ಪರಂಪರೆ. ಅದರ ನೆನಪಿಗೆ 1753ರಲ್ಲಿ ಮಹಾರಾಜನು ಕಿಳಿಮಾನೂರಿನ ನೆಲವನ್ನು ತೆರಿಗೆಯಿಂದ ಮುಕ್ತಗೊಳಿಸಿ, ಸ್ವಂತ ಆಡಳಿತದ ಅಧಿಕಾರವನ್ನಿತ್ತನು. ಈಗ ಕಾಣುವ ಅರಮನೆಯ ಸಮುಚ್ಚಯಕ್ಕೂ ಕುಲದೇವರಾದ ಶಾಸ್ತಾವಿನ, ಎಂದರೆ ಅಯ್ಯಪ್ಪನ, ಗುಡಿಗೂ ಆ ಕಾಲದಲ್ಲಿಯೇ ಅಸ್ತಿವಾರ ಬಿತ್ತು.

ಬ್ರಿಟಿಷರ ವಿರುದ್ಧ 1809ರಲ್ಲಿ ಕುಂಡರದ ಘೋಷಣೆ ಹೊರಡಿಸಿ ಬಂಡೆದ್ದ ದಳವಾಯಿ ವೇಲುತ್ತಂಬಿಯ ಹೆಸರೂ ಈ ಮನೆಯೊಡನೆ ಬೆರೆತಿದೆ. ಬಂಡಾಯದ ಸಮಾಲೋಚನೆಗಳು ಇಲ್ಲಿ ನಡೆದವೆಂದೂ, ಕೊನೆಯ ಹೋರಾಟಕ್ಕೆ ಹೊರಡುವ ಮುನ್ನ ಆತ ತನ್ನ ಖಡ್ಗವನ್ನು ಇಲ್ಲಿಯೇ ಒಪ್ಪಿಸಿದನೆಂದೂ ಹೇಳುತ್ತಾರೆ. ಆ ಖಡ್ಗವನ್ನು ಮನೆತನದವರು ರಾಷ್ಟ್ರಪತಿ ರಾಜೇಂದ್ರ ಪ್ರಸಾದರಿಗೆ ಅರ್ಪಿಸಿದರು. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದ್ದ ಅದು ಮುಂದೆ ತಿರುವನಂತಪುರದ ನೇಪಿಯರ್ ವಸ್ತುಸಂಗ್ರಹಾಲಯಕ್ಕೆ ಮರಳಿತು.

ಕಟ್ಟಡದ ವಿನ್ಯಾಸ

ಕಿಳಿಮಾನೂರಿನ ಆವರಣ ಆರು ಹೆಕ್ಟೇರಿಗೂ ಮಿಕ್ಕಿದ್ದು. ಅದರೊಳಗೆ ನಾಲುಕೆಟ್ಟು, ಮಹಡಿಯುಳ್ಳ ಮಾಳಿಗೆಗಳು, ಸಣ್ಣ ಮತ್ತು ಮಧ್ಯಮ ಗಾತ್ರದ ಹಲವು ಕಟ್ಟಡಗಳು, ಎರಡು ಕೊಳಗಳು, ಬಾವಿಗಳು ಮತ್ತು ಕಾವು ಎಂದು ಕರೆಯುವ ದೇವರಕಾಡುಗಳಿವೆ. ಒಂದೇ ಭವ್ಯ ಕಟ್ಟಡವಿಲ್ಲದೆ ಹಲವು ಮನೆಗಳ ಗುಂಪಾಗಿರುವುದೇ ಇದರ ಮುಖ್ಯ ಲಕ್ಷಣ.

ನಾಲುಕೆಟ್ಟು ಎಂದರೆ ನಾಲ್ಕು ಕಟ್ಟು. ನಡುವೆ ಆಕಾಶಕ್ಕೆ ತೆರೆದ ಅಂಗಳ. ಅದಕ್ಕೆ ನಡುಮುಟ್ಟಂ ಎಂದು ಹೆಸರು. ಅದರ ಸುತ್ತ ವಡಕ್ಕಿನಿ, ತೆಕ್ಕಿನಿ, ಕಿಳಕ್ಕಿನಿ, ಪಡಿಞ್ಞಾಟ್ಟಿನಿ ಎಂಬ ನಾಲ್ಕು ದಿಕ್ಕಿನ ನಾಲ್ಕು ಅಂಕಣಗಳು. ನಮ್ಮ ತೊಟ್ಟಿಮನೆಯ ತೊಟ್ಟಿಯಂತೆಯೇ ಗಾಳಿ, ಬೆಳಕು, ಮಳೆನೀರು ಎಲ್ಲವೂ ನಡುವಿನಿಂದ ಬರುತ್ತವೆ. ಕುಟುಂಬ ಬೆಳೆದಾಗ ಇನ್ನೊಂದು ಅಂಗಳ ಸೇರಿಸಿದರೆ ಎಟ್ಟುಕೆಟ್ಟು, ಇನ್ನೂ ಬೆಳೆದರೆ ಹದಿನಾರು ಕಟ್ಟು. ದಿಕ್ಕು, ಅಳತೆ, ಅಂಗಳದ ಪ್ರಮಾಣ ಇವುಗಳನ್ನು ತಚ್ಚುಶಾಸ್ತ್ರ ನಿರ್ಣಯಿಸುತ್ತದೆ. ಮನೆ ಕಟ್ಟುವವರಿಗೆಂದೇ ಬರೆದ 'ಮನುಷ್ಯಾಲಯ ಚಂದ್ರಿಕಾ' ಎಂಬ ಸಂಸ್ಕೃತ ಗ್ರಂಥ ಕೇರಳದ ಆಚಾರಿಗಳ ಕೈಪಿಡಿಯಾಗಿ ಶತಮಾನಗಳ ಕಾಲ ಬಳಕೆಯಲ್ಲಿತ್ತು.

ಸಾಮಗ್ರಿಗಳು ನಮ್ಮ ಕರಾವಳಿಯವರಿಗೆ ಅಪರಿಚಿತವಲ್ಲ. ಈ ಕಡೆಯ ಮನೆಗಳ ಗೋಡೆಗೆ ಮುರಕಲ್ಲು ಮತ್ತು ಸುಣ್ಣ. ಕಂಬ, ತೊಲೆ, ಪಕ್ಕಾಸುಗಳಿಗೆ ತೇಗ, ಹಲಸು, ಹೆಬ್ಬಲಸು. ಭಾರೀ ಮಳೆಯಿಂದ ಗೋಡೆಯನ್ನು ಕಾಪಾಡಲು ಸೂರನ್ನು ಜಗಲಿಯ ಆಚೆಗೂ ಇಳಿಬಿಡುತ್ತಾರೆ. ಹೀಗಾಗಿ ಹೊರಗಿನಿಂದ ನೋಡುವವನಿಗೆ ಗೋಡೆಗಿಂತ ಮಾಡೇ ಹೆಚ್ಚು ಕಾಣುತ್ತದೆ. ಅರಮನೆಗಳ ಹೊಳೆಯುವ ಕಪ್ಪು ನೆಲ ನೋಡುಗರನ್ನು ಬೆರಗುಗೊಳಿಸುತ್ತದೆ. ಅದು ಅಮೃತಶಿಲೆಯಲ್ಲ, ಸುಟ್ಟ ತೆಂಗಿನ ಚಿಪ್ಪು, ಇದ್ದಿಲು, ಸುಣ್ಣ, ಗಿಡಗಳ ರಸ ಮತ್ತು ಮೊಟ್ಟೆಯ ಬಿಳಿಯನ್ನು ಕಲಸಿ ಉಜ್ಜಿ ಮಾಡಿದ ಗಾರೆ. ಪದ್ಮನಾಭಪುರದಲ್ಲಿಯೂ ಕೊಚ್ಚಿಯ ಮಟ್ಟಾಂಚೇರಿಯಲ್ಲಿಯೂ ಇದನ್ನು ಇಂದಿಗೂ ಕಾಣಬಹುದು.

ಈ ವಿನ್ಯಾಸಕ್ಕೂ ಕುಟುಂಬ ಪದ್ಧತಿಗೂ ಇರುವ ನಂಟು ಗಮನಾರ್ಹ. ಫ್ರಾನ್ಸಿನ ಹಳ್ಳಿಗಾಡಿನ ಶ್ರೀಮಂತ ಮನೆತನಗಳ ಶಾತೋಗಳನ್ನು ಹೋಲಿಕೆಗೆ ತೆಗೆದುಕೊಳ್ಳೋಣ. ಅಲ್ಲಿ ಕುಲೀನರ ಮನೆ ಹೆಚ್ಚಾಗಿ ಹಿರಿಯ ಮಗನ ಪಾಲಿಗೆ ಬರುತ್ತಿತ್ತು. ಆದ್ದರಿಂದ ಒಬ್ಬ ಒಡೆಯ, ಅವನ ಪತ್ನಿ, ಅವರ ಅತಿಥಿಗಳು ಎಂಬ ಲೆಕ್ಕದಲ್ಲಿ ಕಟ್ಟಡ ಎದ್ದುನಿಲ್ಲುತ್ತಿತ್ತು. ನಾಲುಕೆಟ್ಟಿನಲ್ಲಿ ಒಡೆಯನೆಂಬವನೇ ಇಲ್ಲ. ಅಲ್ಲಿರುವವರು ಅಜ್ಜಿ, ಅವಳ ಹೆಣ್ಣುಮಕ್ಕಳು, ಅವರ ಮಕ್ಕಳು, ಸೋದರಮಾವಂದಿರು. ಮದುವೆಯಾದ ಹೆಣ್ಣುಮಗಳು ಮನೆ ಬಿಟ್ಟು ಹೋಗುವುದಿಲ್ಲ; ಪತಿಯೇ ಬಂದು ಹೋಗುವವನು. ಆದ್ದರಿಂದ ಪ್ರತಿ ತಾಯಿಗೂ ಒಂದು ಕೋಣೆ ಬೇಕು, ಎಲ್ಲರಿಗೂ ಒಂದೇ ಅಂಗಳ, ಒಂದೇ ಅಡುಗೆಮನೆ, ಒಂದೇ ಭತ್ತದ ಕಣಜ, ಒಂದೇ ದೇವರ ನೆಲೆ ಬೇಕು. ಪದ್ಮನಾಭಪುರದ ಅರಮನೆಯಲ್ಲಿ ಅತ್ಯಂತ ಹಳೆಯ ಭಾಗಕ್ಕೆ ತಾಯ್ ಕೊಟ್ಟಾರಂ, ಎಂದರೆ ತಾಯಿಯ ಅರಮನೆ, ಎಂದು ಹೆಸರಿರುವುದು ಈ ನಂಟಿಗೆ ಒಪ್ಪುವಂಥದು. ಅದೂ ಒಂದು ನಾಲುಕೆಟ್ಟೇ.

ರವಿವರ್ಮರ ಚಿತ್ರಶಾಲೆ

ಕಿಳಿಮಾನೂರಿನಲ್ಲಿ 1848ರ ಏಪ್ರಿಲ್ 29ರಂದು ರವಿವರ್ಮರು ಹುಟ್ಟಿದರು. ತಾಯಿ ಉಮಾ ಅಂಬಾ ಬಾಯಿ ಈ ಮನೆಯವರು. ತಂದೆ ಎಳುಮಾವಿಲ್ ನೀಲಕಂಠನ್ ಭಟ್ಟತಿರಿಪ್ಪಾಡ್ ನಂಬೂದಿರಿ ಬ್ರಾಹ್ಮಣರು. ಹುಡುಗನ ಕೈಚಳಕವನ್ನು ಗುರುತಿಸಿ ತಿದ್ದಿದವರು ಪದ್ಧತಿಗೆ ತಕ್ಕಂತೆ ಸೋದರಮಾವ ರಾಜರಾಜ ವರ್ಮ. ಅವರೇ 1862ರಲ್ಲಿ ಬಾಲಕನನ್ನು ತಿರುವನಂತಪುರಕ್ಕೆ ಕರೆದೊಯ್ದು ಆಯಿಲ್ಯಂ ತಿರುನಾಳ್ ಮಹಾರಾಜರ ಆಸ್ಥಾನಕ್ಕೆ ಪರಿಚಯಿಸಿದರು. ವಿಯೆನ್ನಾದ ಪ್ರದರ್ಶನದಲ್ಲಿ 1873ರಲ್ಲಿ ಬಹುಮಾನ ಬಂದ ಮೇಲೆ ಬರೋಡಾ, ಮೈಸೂರು ಮೊದಲಾದ ಸಂಸ್ಥಾನಗಳ ಬಾಗಿಲು ತೆರೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಬರೆಯಿಸಿದ ಪುರಾಣ ಚಿತ್ರಗಳನ್ನು ನಮ್ಮಲ್ಲಿ ಹಲವರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನೋಡಿರುತ್ತೇವೆ. ಮುಂಬಯಿಯಲ್ಲಿ 1894ರಲ್ಲಿ ಆರಂಭವಾದ ಮುದ್ರಣಾಲಯದ ಲಕ್ಷ್ಮಿ, ಸರಸ್ವತಿಯರ ಪಟಗಳಂತೂ ನಮ್ಮ ಅಜ್ಜಿಯರ ದೇವರಕೋಣೆಗಳನ್ನೇ ತುಂಬಿದವು.

ಗಳಿಸಿದ ಹಣದಿಂದ ರವಿವರ್ಮರು ಕಿಳಿಮಾನೂರಿನಲ್ಲಿ ಎರಡು ಕಟ್ಟಡಗಳನ್ನು ಎಬ್ಬಿಸಿದರೆಂದು ಹೇಳುತ್ತಾರೆ: ಪುತ್ತನ್ ಮಾಳಿಗ, ಎಂದರೆ ಹೊಸ ಮಾಳಿಗೆ, ಮತ್ತು ಚಿತ್ರಶಾಲೆ. ಇದು ಮೇಲುನೋಟಕ್ಕೆ ಸಾಧಾರಣ ಸಂಗತಿ. ಆದರೆ ಅವರ ಪತ್ನಿ ಪೂರುರುಟ್ಟಾತಿ ನಾಳ್ ಭಾಗೀರಥಿ ಬಾಯಿ ಮಾವೇಲಿಕ್ಕರದ ಅರಮನೆಯವರು. ಮಕ್ಕಳು ಮಾವೇಲಿಕ್ಕರಕ್ಕೇ ಸೇರಿದವರು. ಅವರಿಗೆ ಕಿಳಿಮಾನೂರಿನ ಮೇಲೆ ಹಕ್ಕಿಲ್ಲ. ಮಗ ರಾಮವರ್ಮರೂ ಚಿತ್ರಕಾರರೇ. ತಂದೆಯ ಹೆಸರಿನ ಕಲಾಶಾಲೆಯನ್ನು ಅವರು 1915ರಲ್ಲಿ ಸ್ಥಾಪಿಸಿದ್ದು ಮಾವೇಲಿಕ್ಕರದಲ್ಲಿ. ಹೀಗೆ ರವಿವರ್ಮರು ಕಟ್ಟಿದ ಚಿತ್ರಶಾಲೆ ತಮ್ಮ ಮಕ್ಕಳಿಗಲ್ಲ, ತಾಯಿಯ ಸಂತಾನಕ್ಕೆ ಸೇರಿತು. ಅಲ್ಲಿ ಅವರೊಡನೆ ಕುಂಚ ಹಿಡಿದವರೂ ಆ ಸಂತಾನದವರೇ: ತಮ್ಮ ಸಿ. ರಾಜರಾಜ ವರ್ಮ ಮತ್ತು ತಂಗಿ ಮಂಗಳಾ ಬಾಯಿ.

ಕೊಚ್ಚಿಯ ಮಟ್ಟಾಂಚೇರಿ ಅರಮನೆಯೊಡನೆ ಇದನ್ನಿಟ್ಟು ನೋಡಿದರೆ ಕಾಲದ ಬದಲಾವಣೆ ಸ್ಪಷ್ಟವಾಗುತ್ತದೆ. ಅಲ್ಲಿ ರಾಜನ ಶಯನಗೃಹದ ಗೋಡೆಗಳ ಮೇಲೆ ರಾಮಾಯಣದ ಕಥೆ ಪುತ್ರಕಾಮೇಷ್ಟಿಯಿಂದ ಮೊದಲ್ಗೊಂಡು ಚಿತ್ರಿತವಾಗಿದೆ. ಆ ಭಿತ್ತಿಚಿತ್ರಗಳು ಗೋಡೆಯ ಅಂಗ. ಮನೆ ಇರುವವರೆಗೆ ಅವೂ ಇರುತ್ತವೆ, ಮನೆಯವರಷ್ಟೇ ನೋಡುತ್ತಾರೆ. ಕಿಳಿಮಾನೂರಿನಲ್ಲಿ ಬರೆದ ತೈಲಚಿತ್ರಗಳು ಚೌಕಟ್ಟು ಹೊತ್ತು ಊರೂರಿಗೆ ಹೋದವು. ಗೋಡೆಯೊಳಗಿದ್ದ ಕಲೆ ಮನೆಯಿಂದ ಹೊರಟ ಗಳಿಗೆಗೆ ಈ ಚಿತ್ರಶಾಲೆ ಸಾಕ್ಷಿ.

ಕೊಚ್ಚಿಯ ಹೋಲಿಕೆ

ಮಟ್ಟಾಂಚೇರಿಯ ಅರಮನೆಯನ್ನು ಸುಮಾರು 1555ರಲ್ಲಿ ಕಟ್ಟಿ ಕೊಚ್ಚಿಯ ರಾಜ ವೀರ ಕೇರಳ ವರ್ಮನಿಗೆ ಕೊಟ್ಟವರು ಪೋರ್ಚುಗೀಸರು. 1663ರಲ್ಲಿ ಕೊಚ್ಚಿಯನ್ನು ವಶಪಡಿಸಿಕೊಂಡ ಡಚ್ಚರು ಅದನ್ನು ದುರಸ್ತಿ ಮಾಡಿದ್ದರಿಂದ ಡಚ್ ಅರಮನೆ ಎಂಬ ಹೆಸರೇ ನಿಂತುಹೋಯಿತು. ದಪ್ಪ ಗೋಡೆ, ಕಮಾನು, ಅಗಲವಾದ ಕಿಟಕಿಗಳಲ್ಲಿ ಯುರೋಪಿನ ಕೈವಾಡವಿದೆ. ಆದರೆ ತಳವಿನ್ಯಾಸ ನಾಲುಕೆಟ್ಟಿನದೇ. ನಡುವಿನ ಅಂಗಳದಲ್ಲಿ ರಾಜವಂಶದ ಕುಲದೇವತೆ ಪಳಯನ್ನೂರು ಭಗವತಿಯ ಗುಡಿಯಿದೆ. ಕಟ್ಟಿದವರು ಪರದೇಶಿಗಳಾದರೂ ಮನೆಯವರ ಬಾಳುವೆಯ ಕ್ರಮವನ್ನು ಮೀರಲಾಗಲಿಲ್ಲ. ಅದೇ ಡಚ್ಚರು 1744ರಲ್ಲಿ ಹಿನ್ನೀರಿನ ನಡುಗಡ್ಡೆಯಲ್ಲಿ ತಮಗೆಂದೇ ಕಟ್ಟಿಕೊಂಡ ಬೋಳ್ಗಾಟ್ಟಿ ಬಂಗಲೆ ಬೇರೊಂದು ಬಗೆಯ ಬಾಳಿಗೆ ಎದ್ದ ಮನೆ. ಈಗ ಅದು ಪ್ರವಾಸೋದ್ಯಮ ನಿಗಮದ ಹೋಟೆಲು.

ಕೊಚ್ಚಿಯ ರಾಜರ ನಂತರದ ನೆಲೆ ತೃಪ್ಪೂಣಿತ್ತುರ. ಅಲ್ಲಿಯ ಹಿಲ್ ಪ್ಯಾಲೇಸ್ 1865ರಲ್ಲಿ ಆರಂಭವಾಯಿತು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಮೊದಲ ಹೆಂಚಿನ ಕಾರ್ಖಾನೆ ತೆರೆದದ್ದೂ ಅದೇ ವರ್ಷ. ಮುಂದಿನ ದಶಕಗಳಲ್ಲಿ ಮಂಗಳೂರು ಹೆಂಚು ಕೇರಳದ ಮಾಡುಗಳ ರೂಪವನ್ನೇ ಬದಲಿಸಿತು. ಸುಮಾರು 50 ಎಕರೆಯ ಗುಡ್ಡದಲ್ಲಿ ಹರಡಿರುವ 49 ಕಟ್ಟಡಗಳಲ್ಲಿ ಸಾಂಪ್ರದಾಯಿಕ ಮನೆಗಳೂ ಯುರೋಪಿಯನ್ ಮಾದರಿಯವೂ ಇವೆ. ಇಲ್ಲಿಯೂ ಒಂದೇ ಕಟ್ಟಡವಲ್ಲ, ಮನೆಗಳ ಸಮೂಹ. ಫಾಜಿಲ್ ನಿರ್ದೇಶಿಸಿದ 1993ರ 'ಮಣಿಚ್ಚಿತ್ರತ್ತಾಳ್' ಚಿತ್ರದ ದೃಶ್ಯಗಳು ಇಲ್ಲಿಯೂ ಪದ್ಮನಾಭಪುರದಲ್ಲಿಯೂ ಚಿತ್ರಿತವಾದವು. 'ಆಪ್ತಮಿತ್ರ'ದ ಮೂಲಕಥೆ ಅದೇ ಎಂದರೆ ನಮ್ಮ ಓದುಗರಿಗೆ ಆ ಹಜಾರಗಳು ಕೂಡಲೇ ಪರಿಚಿತವಾದಾವು.

ಪಾಲುಪಟ್ಟಿಯ ಕಾಲ

ಯಾರೊಬ್ಬರದೂ ಅಲ್ಲದ ಮನೆ ಎಲ್ಲರಿಗೂ ಆಸರೆ ನೀಡುತ್ತದೆ. ಆದರೆ ಅದರಲ್ಲಿ ಕಷ್ಟವೂ ಇತ್ತು. ಕಾರಣವರ ದರ್ಪ, ಕಿರಿಯರ ಅಸಹಾಯಕತೆ, ಸ್ವಂತ ಮಕ್ಕಳಿಗೆ ಏನನ್ನೂ ಬಿಡಲಾಗದ ತಂದೆಯ ಸಂಕಟ ಇವು 19ನೆಯ ಶತಮಾನದ ಕೊನೆಗೆ ದೊಡ್ಡ ದನಿಯಾಗಿ ಕೇಳತೊಡಗಿದವು. ತಿರುವಾಂಕೂರಿನಲ್ಲಿ 1925ರ ನಾಯರ್ ಕಾಯಿದೆ ತರವಾಡಿನ ಆಸ್ತಿಯನ್ನು ವ್ಯಕ್ತಿಗಳಿಗೆ ಹಂಚಲು ದಾರಿ ತೆರೆಯಿತು. ಆಗ ರಾಜ್ಯವನ್ನು ನಡೆಸುತ್ತಿದ್ದವರು ರೀಜೆಂಟ್ ಮಹಾರಾಣಿ ಸೇತು ಲಕ್ಷ್ಮೀ ಬಾಯಿ. ಅವರು ರವಿವರ್ಮರ ಮೊಮ್ಮಗಳು; 1900ರಲ್ಲಿ ಚಿಕ್ಕಮ್ಮನ ಮಗಳಾದ ಸೇತು ಪಾರ್ವತೀ ಬಾಯಿಯೊಡನೆ ತಿರುವಾಂಕೂರಿನ ರಾಜವಂಶಕ್ಕೆ ದತ್ತು ಬಂದವರು. ಸೇತು ಪಾರ್ವತೀ ಬಾಯಿಯವರು ಕಿಳಿಮಾನೂರಿನ ರವಿವರ್ಮ ಕೋಯಿ ತಂಪುರಾನರನ್ನು ವರಿಸಿದರು. ಅವರ ಮಗ ಚಿತ್ತಿರ ತಿರುನಾಳ್.

ಸಂಸ್ಥಾನ ಹೋದ ಮೇಲೆ ಸೇತು ಲಕ್ಷ್ಮೀ ಬಾಯಿಯವರು 1950ರ ದಶಕದ ಕೊನೆಯಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 1985ರಲ್ಲಿ ಅಲ್ಲಿಯೇ ಕಣ್ಮುಚ್ಚಿದರು. ಪೂಜಪ್ಪುರದಲ್ಲಿದ್ದ ಅವರ ಸಾಟೆಲ್‌ಮಂಡ್ ಅರಮನೆ ಈಗ ಶ್ರೀ ಚಿತ್ರ ತಿರುನಾಳ್ ಸಂಸ್ಥೆಯ ಜೈವಿಕ ವೈದ್ಯಕೀಯ ತಂತ್ರಜ್ಞಾನ ವಿಭಾಗ. ಅವರ ಪತಿ 1932ರಲ್ಲಿ ಕೋವಳಂ ಕಡಲತೀರದಲ್ಲಿ ಕಟ್ಟಿಸಿದ ಹಾಲ್ಸಿಯನ್ ಕ್ಯಾಸಲ್ ಹೋಟೆಲಿನ ಆವರಣದೊಳಗೆ ಸೇರಿಹೋಗಿದೆ.

ಕೇರಳದ ಅವಿಭಕ್ತ ಹಿಂದೂ ಕುಟುಂಬ ಪದ್ಧತಿ ರದ್ದತಿ ಕಾಯಿದೆ 1976ರ ಡಿಸೆಂಬರ್ 1ರಿಂದ ಜಾರಿಗೆ ಬಂತು. ಅಂದಿನಿಂದ ತರವಾಡು ಎಂಬುದಕ್ಕೆ ಕಾನೂನಿನ ಅಸ್ತಿತ್ವವಿಲ್ಲ; ಪ್ರತಿಯೊಬ್ಬ ಸದಸ್ಯನೂ ಪಾಲುದಾರ. ಕೊಚ್ಚಿಯ ರಾಜವಂಶದ ಆಸ್ತಿಯ ವಿಭಜನೆಗೆ 1961ರಲ್ಲಿಯೂ 1978ರಲ್ಲಿಯೂ ಪ್ರತ್ಯೇಕ ಕಾಯಿದೆಗಳೇ ಬೇಕಾದವು. ಪಾಲಿಗೆ ಹಕ್ಕುಳ್ಳವರು ನೂರಾರು ಮಂದಿ. ಹಿಲ್ ಪ್ಯಾಲೇಸ್ ಸರಕಾರದ ಕೈಸೇರಿ 1986ರಲ್ಲಿ ವಸ್ತುಸಂಗ್ರಹಾಲಯವಾಯಿತು. ಹೊಲವನ್ನು ಹತ್ತು ಪಾಲು ಮಾಡಬಹುದು, ನಾಲುಕೆಟ್ಟನ್ನು ಮಾಡಲಾಗದು. ಒಂದು ಅಂಕಣ ಕಳಚಿದರೆ ಅಂಗಳಕ್ಕೆ ಅರ್ಥವಿಲ್ಲ. ಆದ್ದರಿಂದ ಎಷ್ಟೋ ತರವಾಡುಗಳನ್ನು ಬಿಚ್ಚಿ ಮರವನ್ನು ಮಾರಿ ಹಣ ಹಂಚಿಕೊಂಡರು. ಮಟ್ಟಾಂಚೇರಿಯ ಹಳೆವಸ್ತುಗಳ ಅಂಗಡಿಗಳಲ್ಲಿ ಸಾಲಾಗಿ ನಿಂತ ಕಂಬ, ಬಾಗಿಲುಗಳನ್ನು ಕಂಡವರಿಗೆ ಇದು ಗೊತ್ತು.

ಉಳಿದ ಮನೆಗಳು ಉಳಿದದ್ದು ಮೂರು ಬಗೆಯಲ್ಲಿ. ಮಟ್ಟಾಂಚೇರಿ, ಪದ್ಮನಾಭಪುರ, ಹಿಲ್ ಪ್ಯಾಲೇಸ್‌ಗಳಂತೆ ಸರಕಾರದ ರಕ್ಷಣೆಗೆ ಬಂದವು ಕೆಲವು. ಇವುಗಳಲ್ಲಿ ಪದ್ಮನಾಭಪುರ 1956ರ ಭಾಷಾವಾರು ವಿಂಗಡಣೆಯಲ್ಲಿ ತಮಿಳುನಾಡಿನ ಎಲ್ಲೆಯೊಳಗೆ ಸೇರಿತಾದರೂ ಅದರ ಪಾಲನೆ ಕೇರಳದ ಪುರಾತತ್ವ ಇಲಾಖೆಯದೇ. ಕಾಸರಗೋಡನ್ನು ನಮ್ಮಿಂದ ಬೇರ್ಪಡಿಸಿದ ವಿಂಗಡಣೆಯೂ ಅದೇ. ಬೋಳ್ಗಾಟ್ಟಿ, ಹಾಲ್ಸಿಯನ್‌ಗಳಂತೆ ಹೋಟೆಲಾದವು ಇನ್ನು ಕೆಲವು. ಮೂರನೆಯದು ಕಿಳಿಮಾನೂರಿನ ಬಗೆ: ಮನೆತನದವರೇ ವಾಸವಿದ್ದು, ಗುಡಿ, ಕೊಳ, ಕಾವು ಮತ್ತು ಚಿತ್ರಶಾಲೆಗಳನ್ನು ತಾವೇ ನೋಡಿಕೊಳ್ಳುವುದು. ಮೂರರಲ್ಲಿ ಇದೇ ಕಠಿಣವಾದದ್ದು. ಹೆಂಚು ಬದಲಿಸಲು, ಗೆದ್ದಲು ತಡೆಯಲು, ಹೊಸ ಮರ ಹೊಂದಿಸಲು ಹಣಕ್ಕಿಂತ ಹೆಚ್ಚಾಗಿ ಹಲವರ ಒಮ್ಮತ ಬೇಕು.

ನಮ್ಮ ಊರಿನ ಮನೆಗಳು

ಈ ಚರಿತ್ರೆ ನಮಗೆ ದೂರದ್ದಲ್ಲ. ಉದ್ಯೋಗಕ್ಕಾಗಿ ಊರು ಬಿಟ್ಟು ನಗರದಲ್ಲಿ ನೆಲೆಸಿದ ನಮ್ಮ ಬಹುತೇಕ ಕುಟುಂಬಗಳಿಗೆ ಊರಿನಲ್ಲಿ ಪಾಲಾಗದೆ ಉಳಿದ ಒಂದು ಹಳೆಯ ಮನೆ, ಅದಕ್ಕೊಂದು ನಾಗಬನ ಅಥವಾ ದೈವದ ಚಾವಡಿ ಇದ್ದೇ ಇರುತ್ತದೆ. ಕಾಸರಗೋಡಿನ ಮಾಯಿಪ್ಪಾಡಿಯಲ್ಲಿ ಕುಂಬಳೆ ಅರಸರ ಮನೆಯೂ ಇದೇ ಪ್ರಶ್ನೆಯ ಮುಂದಿದೆ. ಬೀಳುವ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮರಳಿ ನಿಲ್ಲಿಸಿದ ವಿಜಯನಾಥ ಶೆಣೈಯವರ ಸಾಹಸ ಸ್ತುತ್ಯವೇ. ಆದರೆ ಎಲ್ಲ ಮನೆಗಳನ್ನೂ ಹಾಗೆ ಸಾಗಿಸಲಾಗದು. ಗುಡಿಯ ವಾರ್ಷಿಕ ಪೂಜೆಗೆ ಸೇರುವ ದಿನವೇ ಮಾಡಿನ ದುರಸ್ತಿಯ ಲೆಕ್ಕವನ್ನೂ ಕೂತು ಮಾತನಾಡಿದ ಕುಟುಂಬಗಳಲ್ಲಿ ಮನೆ ನಿಂತಿರುವುದನ್ನು ನಾವು ಕಂಡಿದ್ದೇವೆ.

ರವಿವರ್ಮರ ಚಿತ್ರಗಳನ್ನು ನೋಡಬಯಸುವವರಿಗೆ ತಿರುವನಂತಪುರದ ವಸ್ತುಸಂಗ್ರಹಾಲಯದ ಆವರಣದಲ್ಲಿ 2023ರಲ್ಲಿ ತೆರೆದ ರಾಜಾ ರವಿವರ್ಮ ಕಲಾ ಗ್ಯಾಲರಿ ಅನುಕೂಲ. ಅದನ್ನು ಮುಗಿಸಿ ಕಿಳಿಮಾನೂರಿಗೆ ಹೋಗುವುದಾದರೆ ಅದು ಜನ ವಾಸವಿರುವ ಮನೆಯೆಂಬುದನ್ನು ನೆನಪಿಡಬೇಕು. ಮೊದಲು ಕೇಳಿ ಒಪ್ಪಿಗೆ ಪಡೆದು, ಚಪ್ಪಲಿ ಹೊರಗೆ ಬಿಟ್ಟು, ಕಾವಿನ ಮರಗಳನ್ನು ಮುಟ್ಟದೆ ನೋಡಿ ಬರುವುದು ಯೋಗ್ಯ. ಮಕ್ಕಳನ್ನು ಕರೆದೊಯ್ದರೆ ನಡುಮುಟ್ಟದ ಅಂಚಿನಲ್ಲಿ ನಿಲ್ಲಿಸಿ ನಾಲ್ಕೂ ದಿಕ್ಕಿನ ಮಾಡುಗಳನ್ನು ತೋರಿಸಬೇಕು. ಊರಿನ ಅಜ್ಜಿಮನೆಯ ತೊಟ್ಟಿಯೊಡನೆ ಅವರೇ ಅದನ್ನು ಹೋಲಿಸಿಕೊಳ್ಳುವರು.